ಹಾಲ್ ಫ್ಯಾನಿನಿಂದ ತೊಟ್ಟಿಕ್ಕಿದ ನೀರು: ಒಂದು ಸೋರಿಕೆಯ ಪ್ರಕರಣ

2024ರ ಜನವರಿ ಕೊನೆಯಲ್ಲಿ ಒಬ್ಬರು ಫೋನ್ ಮಾಡಿದರು. "ಸಾರ್, ಹಾಲ್‌ನಲ್ಲಿ ಫ್ಯಾನ್ ರೆಗ್ಯುಲೇಟರ್ ಮುಟ್ಟಿದರೆ ಕೈ ಜುಮ್ ಅನ್ನುತ್ತೆ. ಎಲೆಕ್ಟ್ರೀಷಿಯನ್ ಬಂದು ನೋಡಿ, ಮೊದಲು ನೀರು ನಿಲ್ಲಿಸಿ, ಆಮೇಲೆ ನನ್ನ ಕರೀರಿ ಅಂದುಬಿಟ್ಟ. ನೀರು ನಿಲ್ಲಿಸೋಕೆ ಎರಡು ವರ್ಷದಿಂದ ಒದ್ದಾಡ್ತಿದ್ದೀವಿ."

ನಾನು ಸಿವಿಲ್ ಎಂಜಿನಿಯರ್. ಹೊಸ ಮನೆ ಕಟ್ಟಿಸುವುದಕ್ಕಿಂತ ಹಳೆ ಮನೆಗಳ ಕಾಯಿಲೆ ನೋಡುವುದೇ ಈಗ ಜಾಸ್ತಿ ಕೆಲಸ. ಸೋರಿಕೆಯ ಕೇಸುಗಳು ವಾರಕ್ಕೊಂದಾದರೂ ಬರುತ್ತವೆ. ಇದೊಂದನ್ನು ಪೂರ್ತಿ ಬರೆದಿಡಲು ಕಾರಣವಿದೆ. ಇಲ್ಲಿ ಯಾರೂ ಮೋಸ ಮಾಡಲಿಲ್ಲ, ಯಾರೂ ಸೋಮಾರಿಯಾಗಿರಲಿಲ್ಲ, ದುಡ್ಡಿಗೂ ಹಿಂದೆಮುಂದೆ ನೋಡಲಿಲ್ಲ. ಆದರೂ ಎರಡು ವರ್ಷ ನಾಲ್ಕು ತಿಂಗಳು ನೀರು ನಿಲ್ಲಲಿಲ್ಲ. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಾಯಿಸಿದ್ದೇನೆ.

ಮನೆ ಮತ್ತು ಮನೆಯವರು

ಬೆಂಗಳೂರಿನ ದಕ್ಷಿಣ ಭಾಗದ ಒಂದು ಬಡಾವಣೆ. 30x40 ಸೈಟು. 2004ರಲ್ಲಿ ಕಟ್ಟಿದ ಎರಡು ಅಂತಸ್ತಿನ ಮನೆ. ಕೆಳಗೆ ಯಜಮಾನರು ಮತ್ತು ಅವರ ಹೆಂಡತಿ. ಅವರು ಬ್ಯಾಂಕಿನಿಂದ ನಿವೃತ್ತರು, ಆಕೆ ಶಾಲಾ ಟೀಚರ್ ಆಗಿದ್ದವರು. ಮೇಲಿನ ಮನೆ ಬಾಡಿಗೆಗೆ. ಅದರ ಮೇಲೆ ತಾರಸಿ, ಸೋಲಾರ್ ಹೀಟರ್, ಸಾವಿರ ಲೀಟರಿನ ಎರಡು ಟ್ಯಾಂಕುಗಳು.

2021ರ ಫೆಬ್ರವರಿಯಲ್ಲಿ, ಹೊಸ ಬಾಡಿಗೆದಾರರು ಬರುವ ಮುಂಚೆ, ಮೇಲಿನ ಮನೆಯ ಬಾತ್‌ರೂಮಿಗೆ ಹೊಸ ಟೈಲ್ಸ್ ಹಾಕಿಸಿದ್ದರು. ಹಳೆ ಟೈಲ್ಸ್ ಒಡೆದರೆ ಗಲಾಟೆ, ಧೂಳು, ಖರ್ಚು. ಅದಕ್ಕೆ ಹಳೆಯದರ ಮೇಲೆಯೇ ಹೊಸದನ್ನು ಅಂಟಿಸಲಾಯಿತು. ಮೂರು ದಿನದಲ್ಲಿ ಕೆಲಸ ಮುಗಿಯಿತು, ನೋಡಲೂ ಚೆನ್ನಾಗಿತ್ತು. ಈ ಸಂಗತಿಯನ್ನು ನನಗೆ ಯಾರೂ ಮೊದಲ ಭೇಟಿಯಲ್ಲಿ ಹೇಳಲಿಲ್ಲ. ಸೋರಿಕೆಗೂ ಅದಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆದಿರಲಿಲ್ಲ.

ಮಾರ್ಚ್‌ನಲ್ಲಿ ಐದು ಜನರ ಕುಟುಂಬ ಮೇಲಿನ ಮನೆಗೆ ಬಂತು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಅತ್ತೆ.

ಮೊದಲ ಕಲೆ

2021ರ ಸೆಪ್ಟೆಂಬರ್. ಕೆಳಗಿನ ಮನೆಯ ಹಾಲ್‌ನ ಸೀಲಿಂಗ್‌ನಲ್ಲಿ, ಫ್ಯಾನಿನ ಬಟ್ಟಲಿನ ಸುತ್ತ ಹಳದಿ ಉಂಗುರ ಕಾಣಿಸಿತು. ಟೀ ಚೆಲ್ಲಿ ಒಣಗಿದ ಹಾಗೆ. ಹೊರಗೆ ಜೋರು ಮಳೆ. ಬೆಂಗಳೂರಿಗೆ ವರ್ಷದಲ್ಲೇ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಳೆ ಬರುತ್ತಿದೆ, ಮನೆ ಸೋರುತ್ತಿದೆ. ಯಾರಾದರೂ ಎರಡನ್ನೂ ಜೋಡಿಸಿಯೇ ಜೋಡಿಸುತ್ತಾರೆ.

ಆದರೆ ಹಾಲ್‌ನ ಮೇಲೆ ತಾರಸಿ ಇಲ್ಲ. ಮೇಲಿನ ಮನೆಯ ಹಾಲ್ ಇದೆ. ಮಳೆ ನೀರು ಅಲ್ಲಿಗೆ ಬರಬೇಕಾದರೆ ಹೊರಗೋಡೆಯಿಂದ ಬರಬೇಕು. ಪೇಂಟರ್ ಪಶ್ಚಿಮದ ಗೋಡೆಯಲ್ಲಿ ಕೂದಲೆಳೆಯ ಬಿರುಕುಗಳನ್ನು ತೋರಿಸಿದ. ಬಿರುಕು ತುಂಬಿ, ಇಡೀ ಗೋಡೆಗೆ ವಾಟರ್‌ಪ್ರೂಫ್ ಪೇಂಟ್ ಹೊಡೆದದ್ದಕ್ಕೆ 52,000 ರೂಪಾಯಿ. ಜನವರಿಯಲ್ಲಿ ಹಾಲ್‌ನ ಸೀಲಿಂಗಿಗೂ ಪುಟ್ಟಿ ಹಾಕಿ ಹೊಸ ಬಣ್ಣ ಬಳಿದರು.

2022ರ ಮಾರ್ಚ್ ಮಧ್ಯದಲ್ಲಿ ಆ ಬಣ್ಣ ಹಪ್ಪಳದ ಹಾಗೆ ಉಬ್ಬಿತು. ಮಳೆ ಇಲ್ಲದ ಕಾಲ. ಪೇಂಟರ್ ಅಂದ: "ಒಳಗಿದ್ದ ಹಳೆ ತೇವ ಹೊರಗೆ ಬರ್ತಿದೆ ಅಷ್ಟೇ, ಬಿಡಿ ಸಾರ್."

ಈ ಮಾತು ಪೂರ್ತಿ ಸುಳ್ಳೇನಲ್ಲ. ಕಾಂಕ್ರೀಟ್ ಒಣಗಲು ಬಹಳ ಸಮಯ ಬೇಕು. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಅಂತ ನಮ್ಮಲ್ಲಿ ಒಂದು ಅಂದಾಜಿದೆ. ಹಾಗಾಗಿ ಯಜಮಾನರು ನಂಬಿದರು. ಆ ಮಾತು ಒಂದು ಒಳ್ಳೆ ಸಾಕ್ಷಿಯನ್ನು ಮುಚ್ಚಿಹಾಕಿತು ಅಂತ ಈಗ ಅನ್ನಿಸುತ್ತದೆ. ಬೇಸಿಗೆಯಲ್ಲಿ ಬೆಳೆಯುವ ಕಲೆ ಮಳೆಯದ್ದಲ್ಲ ಅಂತ ಅವತ್ತೇ ಗೊತ್ತಾಗಬೇಕಿತ್ತು.

ತಾರಸಿಯ ಸರದಿ

2022 ಬೆಂಗಳೂರಿಗೆ ದಾಖಲೆ ಮಳೆಯ ವರ್ಷ. ಸೆಪ್ಟೆಂಬರ್ ಮೊದಲ ವಾರ ಹೊರವರ್ತುಲ ರಸ್ತೆಯ ಮೇಲೆ ಟ್ರ್ಯಾಕ್ಟರಿನಲ್ಲಿ ಜನ ಆಫೀಸಿಗೆ ಹೋದದ್ದು ನೆನಪಿರಬೇಕು. ಊರಿನಲ್ಲಿ ಎಲ್ಲರ ಮನೆಯೂ ಸೋರುತ್ತಿತ್ತು. ಇವರ ಫ್ಯಾನಿನಿಂದ ಮೊದಲ ಸಲ ತೊಟ್ಟು ಬಿದ್ದದ್ದೂ ಆಗಲೇ. ನೆಂಟರೊಬ್ಬರು "ಯಾವುದಕ್ಕೂ ತಾರಸಿಗೆ ಒಂದು ಕೋಟ್ ಹೊಡೆಸಿಬಿಡಿ" ಅಂದರು. 38,000 ರೂಪಾಯಿ.

ತಾರಸಿ ಸೋರಿದರೆ ಮೊದಲು ನೆನೆಯಬೇಕಾದದ್ದು ಮೇಲಿನ ಮನೆಯ ಸೀಲಿಂಗ್. ಅದು ಎಲುಬಿನಂತೆ ಒಣಗಿತ್ತು. ಒಂದು ಅಂತಸ್ತನ್ನು ಹಾರಿಕೊಂಡು ಕೆಳಗಿನ ಮನೆಗೆ ನೀರು ಹೇಗೆ ಬರುತ್ತದೆ? ಮೇಲೆ ಹೋಗಿ ಬಾಡಿಗೆದಾರರ ಸೀಲಿಂಗ್ ನೋಡಿದ್ದರೆ 38,000 ಉಳಿಯುತ್ತಿತ್ತು. ಯಾರೂ ಹೋಗಲಿಲ್ಲ. ಅಷ್ಟೊತ್ತಿಗೆ ಕೆಳಗಿನವರಿಗೂ ಮೇಲಿನವರಿಗೂ ಮಾತು ಕಮ್ಮಿಯಾಗಿತ್ತು.

ಬಾಡಿಗೆದಾರರ ಮೇಲೆ ಅನುಮಾನ

ತಾರಸಿ ಕೆಲಸವೂ ಫಲ ಕೊಡದಿದ್ದಾಗ 2023ರ ಜನವರಿಯಲ್ಲಿ ಪ್ಲಂಬರ್‌ನನ್ನು ಕರೆಸಿದರು. ಆತ ಸರಿಯಾದ ಜಾಗಕ್ಕೇ ಹೋದ. ಬಾತ್‌ರೂಮಿನ ನೆಲದಲ್ಲಿ ನೀರು ಇಳಿದುಹೋಗುವ ಜಾಲಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಬಟ್ಟೆ ಸುತ್ತಿ, ಮೇಲೆ ಒಂದು ಇಟ್ಟಿಗೆ ಇಟ್ಟು ನೀರು ಕಟ್ಟಿದ. 24 ಗಂಟೆ ಬಿಟ್ಟು ನೋಡಿದರೆ ನೀರು ಇಳಿದಿರಲಿಲ್ಲ. "ಬಾತ್‌ರೂಮಲ್ಲಿ ಏನೂ ಇಲ್ಲ ಸಾರ್, ಗ್ಯಾರಂಟಿ" ಅಂದ.

ಈ ಪರೀಕ್ಷೆಯ ಬಗ್ಗೆ ಮುಂದೆ ಮತ್ತೆ ಹೇಳುತ್ತೇನೆ. ಇಡೀ ಪ್ರಕರಣದ ಕೀಲು ಇಲ್ಲೇ ಇದೆ.

ಬಾತ್‌ರೂಮ್ ಸರಿ ಇದೆ, ಗೋಡೆ ಸರಿ ಇದೆ, ತಾರಸಿ ಸರಿ ಇದೆ. ಹಾಗಾದರೆ ಉಳಿದದ್ದು ಯಾರು? ಮೇಲಿನ ಅತ್ತೆ ಹಾಲ್ ಒರೆಸಲು ಬಕೆಟ್‌ಗಟ್ಟಲೆ ನೀರು ಸುರಿಯುತ್ತಾರೆ, ಅದೇ ಕೆಳಗಿಳಿಯುತ್ತಿದೆ ಅಂತ ತೀರ್ಮಾನವಾಯಿತು. ಅವರು ಇಲ್ಲ ಅಂದರು. ಮಾತಿಗೆ ಮಾತು ಬೆಳೆಯಿತು. 2023ರ ಏಪ್ರಿಲ್ 30ಕ್ಕೆ ಆ ಕುಟುಂಬ ಮನೆ ಖಾಲಿ ಮಾಡಿತು. ಅಡ್ವಾನ್ಸ್‌ನಲ್ಲಿ 30,000 ರೂಪಾಯಿ ಹಿಡಿದುಕೊಂಡು ಉಳಿದದ್ದು ಕೊಟ್ಟರು.

ಮೇ ಮಧ್ಯದಲ್ಲಿ ತೊಟ್ಟಿಕ್ಕುವುದು ನಿಂತುಹೋಯಿತು.

ಯಜಮಾನರ ಜಾಗದಲ್ಲಿ ನಾನಿದ್ದರೂ "ನೋಡಿ, ನಾನು ಹೇಳಿರಲಿಲ್ವಾ" ಅನ್ನುತ್ತಿದ್ದೆನೋ ಏನೋ. ಜನ ಹೋದರು, ನೀರು ನಿಂತಿತು. ಇದಕ್ಕಿಂತ ಸಾಕ್ಷಿ ಬೇಕಾ? ಆದರೆ ಆ ಮನೆಯಲ್ಲಿ ಯಾರೇ ಇದ್ದು ಹೋಗಿದ್ದರೂ ನೀರು ನಿಲ್ಲುತ್ತಿತ್ತು. ಅತ್ತೆಯ ಬಕೆಟ್ ನಿಂತ ಹಾಗೆ ಸ್ನಾನವೂ ನಿಂತಿತ್ತು, ಬಟ್ಟೆ ಒಗೆಯುವುದೂ ನಿಂತಿತ್ತು.

ಜುಲೈ 2ರಂದು ಹೊಸಬರು ಬಂದರು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ನೆಲ ಒರೆಸುವುದು ವಾರಕ್ಕೆರಡು ಸಲ, ಅದೂ ಹಿಂಡಿದ ಮಾಪ್‌ನಲ್ಲಿ. ಆಗಸ್ಟ್ 20ಕ್ಕೆ ಫ್ಯಾನಿನಿಂದ ಮತ್ತೆ ತೊಟ್ಟು ಬಿತ್ತು. ಆ ಆಗಸ್ಟ್‌ನಲ್ಲಿ ರಾಜ್ಯದಲ್ಲೆಲ್ಲ ಮಳೆ ಕೈಕೊಟ್ಟಿತ್ತು. ಮುಂದೆ 236 ತಾಲ್ಲೂಕುಗಳಲ್ಲಿ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿದ ವರ್ಷ ಅದು. ಊರಿಗೆಲ್ಲ ನೀರಿಲ್ಲ, ಇವರ ಫ್ಯಾನಿನಲ್ಲಿ ಮಾತ್ರ ನೀರು.

ಕೆಳಗಿನಿಂದ ಮುಚ್ಚುವ ಪ್ರಯತ್ನ

ಅಕ್ಟೋಬರ್‌ನಲ್ಲಿ ಒಂದು ವಾಟರ್‌ಪ್ರೂಫಿಂಗ್ ಕಂಪನಿಯವರು ಬಂದರು. ಹಾಲ್‌ನ ಸೀಲಿಂಗಿಗೆ ಕೆಳಗಿನಿಂದ ಸಾಲಾಗಿ ತೂತು ಕೊರೆದು, ನಳಿಕೆ ಸಿಕ್ಕಿಸಿ, ಒತ್ತಡದಲ್ಲಿ ರಾಸಾಯನಿಕ ತುಂಬಿದರು. ನೀರು ತಾಕಿದರೆ ಅದು ನೊರೆಯ ಹಾಗೆ ಉಬ್ಬಿ ಬಿರುಕು ಮುಚ್ಚುತ್ತದೆ. 64,000 ರೂಪಾಯಿ, 10 ವರ್ಷದ ವಾರಂಟಿ. ವಾರಂಟಿ ಕಾಗದದ ಹಿಂಬದಿಯಲ್ಲಿ, ಪ್ಲಂಬಿಂಗ್‌ನಿಂದ ಆಗುವ ಸೋರಿಕೆಗೆ ಇದು ಅನ್ವಯಿಸುವುದಿಲ್ಲ ಅಂತ ಸಣ್ಣಕ್ಷರದಲ್ಲಿತ್ತು.

ಇದು ಸುಳ್ಳು ವಿದ್ಯೆಯಲ್ಲ. ನೀರಿನ ಮೂಲಕ್ಕೆ ಕೈ ಹಾಕಲು ಆಗದ ಕಡೆ, ಉದಾಹರಣೆಗೆ ನೆಲಮಾಳಿಗೆಯ ಗೋಡೆಗೆ, ನಾನೂ ಇದನ್ನೇ ಹೇಳುತ್ತೇನೆ. ಆದರೆ ಮೇಲಿನಿಂದ ನೀರು ಬರುತ್ತಲೇ ಇರುವಾಗ ಕೆಳಗಿನ ಬಾಯಿ ಮುಚ್ಚಿದರೆ ನೀರು ಇನ್ನೊಂದು ಬಾಯಿ ಹುಡುಕುತ್ತದೆ. ನವೆಂಬರ್‌ನಲ್ಲಿ ಹಾಲ್‌ನ ಫ್ಯಾನ್ ಒಣಗಿತು. ದೇವರ ಮನೆಯ ಗೋಡೆ ನೆನೆಯಿತು. ಡಿಸೆಂಬರ್ ಹೊತ್ತಿಗೆ ನೀರು ಹಾಲ್‌ನ ಸ್ವಿಚ್‌ಬೋರ್ಡ್ ತಲುಪಿತ್ತು. ಜನವರಿಯಲ್ಲಿ ಕೈ ಜುಮ್ ಅಂದಿತು.

ನಾನು ಹೋದ ದಿನ

ಮೊದಲು ಮಾಡಿದ ಕೆಲಸ ಹಾಲ್‌ನ ಕರೆಂಟ್ ಲೈನಿನ ಎಂಸಿಬಿ ಸ್ವಿಚ್ ಇಳಿಸಿದ್ದು. ಫ್ಯಾನ್ ಬಿಚ್ಚಿಸಿ ಕೆಳಗಿಟ್ಟೆವು. ಇದು 2022ರಲ್ಲಿ, ಮೊದಲ ತೊಟ್ಟು ಬಿದ್ದ ದಿನವೇ ಆಗಬೇಕಿತ್ತು. ಆ ಮನೆಯಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕತ್ತರಿಸುವ ಸ್ವಿಚ್, ಇರಲೇ ಇಲ್ಲ. ಒದ್ದೆ ಗೋಡೆಯ ಮೂಲಕ ಕರೆಂಟ್ ಸೋರಿದರೆ ಸಾಮಾನ್ಯ ಎಂಸಿಬಿಗೆ ಗೊತ್ತೇ ಆಗುವುದಿಲ್ಲ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇದ್ದಿದ್ದರೆ ತಾನೇ ಕತ್ತರಿಸುತ್ತಿತ್ತು. ತಿಂಗಳುಗಟ್ಟಲೆ ಈ ದಂಪತಿ ನೀರು ತೊಟ್ಟಿಕ್ಕುವ ಫ್ಯಾನಿನ ಕೆಳಗೆ ಕೂತು ಟಿವಿ ನೋಡಿದ್ದಾರೆ. ನೆನೆದರೆ ಈಗಲೂ ಭಯವಾಗುತ್ತದೆ.

ಆಮೇಲೆ "ಯಾವ್ಯಾವಾಗ ಸೋರಿತು, ನೆನಪಿದೆಯಾ?" ಅಂತ ಕೇಳಿದೆ. ಯಜಮಾನರು ಅಂದಾಜಿನಲ್ಲಿ ಹೇಳಲು ಶುರು ಮಾಡಿದರು. ಅವರ ಹೆಂಡತಿ ಏನೂ ಮಾತಾಡದೆ ಒಳಗೆ ಹೋಗಿ ಮೂರು ಡೈರಿ ತಂದರು. ಹಾಲಿನ ಲೆಕ್ಕ ಬರೆಯುವ ಡೈರಿಗಳು. ಹಾಲು ಅರ್ಧ ಲೀಟರ್, ಮೊಸರು ಒಂದು, ಅದರ ಪಕ್ಕದಲ್ಲೇ: "ಫ್ಯಾನ್ ಹತ್ರ 3 ತೊಟ್ಟು." "ಇವತ್ತು ಇಲ್ಲ." "ಬಕೆಟ್ ಇಟ್ಟೆ, ಸಂಜೆಗೆ ಒಂದು ಲೋಟ." ಕಲೆಯ ಅಂಚಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಖನ್ನೂ ಬರೆದಿದ್ದರಂತೆ. ಪೇಂಟರ್ ಎರಡು ಸಲ ಅದರ ಮೇಲೆ ಬಣ್ಣ ಬಳಿದಿದ್ದ.

"ಇದನ್ನ ಯಾರಿಗೂ ತೋರಿಸಲಿಲ್ವಾ ಅಮ್ಮ?"

"ಯಾರೂ ಕೇಳಲಿಲ್ಲ."

ಆ ಸಂಜೆ ಡೈರಿಗಳನ್ನು ಮನೆಗೆ ತಂದು ತಾರೀಖುಗಳನ್ನು ಒಂದು ಹಾಳೆಗೆ ಇಳಿಸಿದೆ. ಮೂರು ಸಂಗತಿ ಎದ್ದು ಕಂಡವು. ಮಳೆಗೂ ತೊಟ್ಟಿಗೂ ತಾಳಮೇಳ ಇರಲಿಲ್ಲ. ಮೇಲಿನವರು ಏಪ್ರಿಲ್ 30ಕ್ಕೆ ಹೋದರೂ ತೊಟ್ಟು ನಿಂತದ್ದು ಮೇ 14ಕ್ಕೆ, ಅಂದರೆ ಎರಡು ವಾರ ತಡವಾಗಿ. ಹೊಸಬರು ಬಂದ ಮೇಲೆ ಮತ್ತೆ ಶುರುವಾಗಲು ಏಳು ವಾರ ಬೇಕಾಯಿತು.

ಪೈಪು ಒಡೆದಿದ್ದರೆ ನೀರು ಇಷ್ಟು ನಿಧಾನ ಮಾಡುವುದಿಲ್ಲ. ನಡುವೆ ಎಲ್ಲೋ ಒಂದು ತೊಟ್ಟಿ ತುಂಬುತ್ತಿದೆ, ತುಂಬಿದ ಮೇಲೆ ಚೆಲ್ಲುತ್ತಿದೆ. ನಮ್ಮ ಮನೆಗಳಲ್ಲಿ ಅಂಥ ತೊಟ್ಟಿ ಒಂದೇ: ಬಾತ್‌ರೂಮಿನ ಸಂಕನ್.

ಗೊತ್ತಿಲ್ಲದವರಿಗೆ ಎರಡು ಮಾತು. ಮೇಲಂತಸ್ತಿನ ಬಾತ್‌ರೂಮಿನ ಸ್ಲ್ಯಾಬನ್ನು ಉಳಿದ ನೆಲಕ್ಕಿಂತ ಸುಮಾರು ಒಂದು ಅಡಿ ತಗ್ಗಾಗಿ ಹಾಕುತ್ತಾರೆ. ಆ ಗುಂಡಿಯಲ್ಲಿ ಪೈಪುಗಳು ಓಡುತ್ತವೆ. ಉಳಿದ ಜಾಗಕ್ಕೆ ಇಟ್ಟಿಗೆ ಚೂರು ತುಂಬಿ, ಮೇಲೆ ಗಾರೆ, ಟೈಲ್ಸ್. ಇಲ್ಲಿನ ಬಾತ್‌ರೂಮ್ 5x7 ಅಡಿ. ಗುಂಡಿಯ ಅಳತೆ ಸುಮಾರು ಒಂದು ಘನ ಮೀಟರ್. ಇಟ್ಟಿಗೆ ಚೂರುಗಳ ಸಂದಿ ಲೆಕ್ಕ ಹಾಕಿದರೆ ಮುನ್ನೂರು ಲೀಟರ್ ನೀರು ಆರಾಮವಾಗಿ ಅಡಗಿ ಕೂರುತ್ತದೆ. ಮೇಲಿನಿಂದಲೂ ಕಾಣುವುದಿಲ್ಲ, ಕೆಳಗಿನಿಂದಲೂ ಕಾಣುವುದಿಲ್ಲ.

ಮರುದಿನ ಕೆಳಗಿನ ಬಾತ್‌ರೂಮಿಗೆ ಹೋದೆ. ಅದು ಮೇಲಿನ ಬಾತ್‌ರೂಮಿನ ನೇರ ಕೆಳಗೆ. ಅಲ್ಲಿ 2018ರಲ್ಲಿ ಪಿವಿಸಿ ಫಾಲ್ಸ್ ಸೀಲಿಂಗ್ ಹಾಕಿಸಿದ್ದರು. ಒಂದು ಪಟ್ಟಿ ಬಿಚ್ಚಿ ಟಾರ್ಚ್ ಬಿಟ್ಟೆ. ಸ್ಲ್ಯಾಬಿನ ತಳದಿಂದ ಬಿಳಿ ಸುಣ್ಣದ ಕಡ್ಡಿಗಳು ಶಾವಿಗೆಯ ಹಾಗೆ ಇಳಿಬಿದ್ದಿದ್ದವು. ನೀರು ಕಾಂಕ್ರೀಟಿನ ಸುಣ್ಣವನ್ನು ಕರಗಿಸಿಕೊಂಡು ಬಂದು, ತುದಿಯಲ್ಲಿ ಬಿಟ್ಟು ಹೋಗುವಾಗ ಹೀಗಾಗುತ್ತದೆ. ಒಂದೆರಡು ವಾರದಲ್ಲಿ ಬೆಳೆಯುವ ಸರಕಲ್ಲ ಅದು. ಯಜಮಾನರು ಸ್ಟೂಲ್ ಹತ್ತಿ ನೋಡಿ, ಇಳಿದು, ಸುಮ್ನೆ ಕೂತುಬಿಟ್ಟರು.

ನನ್ನ ತಪ್ಪು

ಅವತ್ತು ನಾನೂ ಒಂದು ಗಡಿಬಿಡಿ ಮಾಡಿದೆ. "ನೂರಕ್ಕೆ ತೊಂಬತ್ತು ಪಾಲು ಬಿಸಿನೀರಿನ ಪೈಪೇ" ಅಂದುಬಿಟ್ಟೆ. 2004ರ ಮನೆ, ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಬೋರ್‌ವೆಲ್ ನೀರು, ಇಪ್ಪತ್ತು ವರ್ಷ. ತುಕ್ಕು ಹಿಡಿದಿರಲೇಬೇಕು ಅನ್ನುವುದು ನನ್ನ ಅನುಭವ. ಗೋಡೆ ಒಡೆಯಲು ಮೇಸ್ತ್ರಿಗೂ ಹೇಳಿಯಾಗಿತ್ತು. ಹೊಸ ಬಾಡಿಗೆಯ ಹುಡುಗಿ ತಡೆದಳು. "ಸಾರ್, ಒಡೆಯೋ ಮುಂಚೆ ಟೆಸ್ಟ್ ಮಾಡೋಕಾಗಲ್ವಾ?" ಅಂತ ಕೇಳಿದಳು. ಕೇಳಿದ್ದು ಸರಿಯಾಗಿತ್ತು.

ಎಲ್ಲ ನಲ್ಲಿ ನಿಲ್ಲಿಸಿ ಮೀಟರ್ ತಿರುಗುತ್ತಾ ನೋಡಿ ಅಂತ ತುಂಬ ಜನ ಸಲಹೆ ಕೊಡುತ್ತಾರೆ. ಬೆಂಗಳೂರಿನ ಮನೆಗಳಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ. ಜಲಮಂಡಳಿಯ ಮೀಟರ್ ಇರುವುದು ನೆಲದಡಿಯ ಸಂಪಿಗಿಂತ ಮುಂಚೆ. ಸಂಪಿನಿಂದ ಮೋಟಾರ್, ಮೋಟಾರ್‌ನಿಂದ ಮೇಲಿನ ಟ್ಯಾಂಕು, ಟ್ಯಾಂಕಿನಿಂದ ನಲ್ಲಿ. ಮನೆಯೊಳಗಿನ ಪೈಪು ಸೋರಿದರೆ ಮೀಟರಿಗೆ ಗೊತ್ತಾಗುವುದೇ ಇಲ್ಲ. ಅದಕ್ಕೆ ಟ್ಯಾಂಕಿನಲ್ಲೇ ನೋಡಬೇಕು. ರಾತ್ರಿ 11ಕ್ಕೆ ಎಲ್ಲ ನಲ್ಲಿ ನಿಲ್ಲಿಸಿ, ಟ್ಯಾಂಕಿನ ಒಳಗೆ ನೀರಿನ ಮಟ್ಟಕ್ಕೆ ಗುರುತು ಹಾಕಿದೆವು. ಸಾವಿರ ಲೀಟರಿನ ದುಂಡು ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಅಂದರೆ ಸುಮಾರು 9 ಲೀಟರ್. ಬೆಳಗಿನ 5ಕ್ಕೆ ಮಟ್ಟ ಅಲ್ಲೇ ಇತ್ತು. ತೀರ ಸಣ್ಣ ಸೋರಿಕೆ ಇದರಲ್ಲಿ ಕಾಣದು ಅಂತ, ಕೈಪಂಪ್ ಹಾಕಿ ಪೈಪುಗಳಲ್ಲಿ ಒತ್ತಡ ಏರಿಸಿ ಎರಡು ಗಂಟೆ ಗೇಜ್ ನೋಡಿದೆವು. ಮುಳ್ಳು ಕದಲಲಿಲ್ಲ.

ಬಿಸಿನೀರಿನ ಪೈಪು ನಿರಪರಾಧಿ. ನನ್ನ ಮಾತು ಕೇಳಿ ಗೋಡೆ ಒಡೆದಿದ್ದರೆ ದಂಡದ ಪಟ್ಟಿಗೆ ಇನ್ನೊಂದು ಸಾಲು ಸೇರುತ್ತಿತ್ತು.

ಬಿರಡೆ ಎಲ್ಲಿಟ್ಟೆ?

ಸರಬರಾಜು ಪೈಪು ಸೋರುತ್ತಿಲ್ಲ ಅಂದರೆ, ನೆಲದಿಂದ ಅಥವಾ ನೀರು ಹೊರಹೋಗುವ ದಾರಿಯಿಂದ ಸೋರುತ್ತಿದೆ. ಪ್ಲಂಬರ್‌ನನ್ನು ಮತ್ತೆ ಕರೆಸಿದೆ. ಆತನಿಗೆ ಸಿಟ್ಟು. "ನಾನು ನೀರು ಕಟ್ಟಿ ನೋಡಿದ್ದೀನಿ ಸಾರ್. ಒಂದು ದಿನ ಪೂರ್ತಿ. ಒಂದು ಕೂದಲೂ ಇಳಿದಿಲ್ಲ."

"ಬಿರಡೆ ಎಲ್ಲಿಟ್ಟಿದ್ದೆ?"

"ಜಾಲಿ ಮೇಲೆ."

"ಜಾಲಿ ತೆಗೆದಿರಲಿಲ್ವಾ?"

ಆತ ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಏನೂ ಹೇಳದೆ ಸ್ಕ್ರೂಡ್ರೈವರ್ ತೆಗೆದು ಜಾಲಿ ಎಬ್ಬಿಸಿದ.

ಮೂರು ವರ್ಷದ ಹಿಂದಿನ ಟೈಲ್ಸ್ ಕೆಲಸ ಆಗ ಕಣ್ಣಿಗೆ ಬಿತ್ತು. ಹಳೆ ಟೈಲ್ಸ್ ಮೇಲೆ ಅಂಟು, ಅದರ ಮೇಲೆ ಹೊಸ ಟೈಲ್ಸ್. ನೆಲ ಸುಮಾರು ಒಂದು ಇಂಚು ಎದ್ದಿತ್ತು. ಜಾಲಿಯ ಕೆಳಗೆ ನೀರು ಇಳಿಯುವ ಬಟ್ಟಲು, ಅಂದರೆ ನಾನಿ ಟ್ರ್ಯಾಪ್, ಮಾತ್ರ ಹಳೆಯ ಮಟ್ಟದಲ್ಲೇ ಉಳಿದಿತ್ತು. ಟ್ರ್ಯಾಪಿನ ಬಾಯಿಗೂ ಹೊಸ ಜಾಲಿಗೂ ನಡುವೆ ಒಂದು ಇಂಚಿನ ಗ್ಯಾಪು. ಅದಕ್ಕೆ ಮೇಸ್ತ್ರಿ ಸುತ್ತಲೂ ಸಿಮೆಂಟ್ ಮೆತ್ತಿದ್ದ. ಆ ಸಿಮೆಂಟ್ ಬಿರುಕು ಬಿಟ್ಟು, ಒಂದು ಕಡೆ ಉದುರಿಯೇ ಹೋಗಿತ್ತು. ಜಾಲಿಯಲ್ಲಿ ಕೂದಲು ಕಟ್ಟಿಕೊಂಡು ನೀರು ಸ್ವಲ್ಪ ನಿಂತಾಗೆಲ್ಲ ಒಂದು ಪಾಲು ಟ್ರ್ಯಾಪಿಗೆ ಹೋಗದೆ ಪಕ್ಕದ ಸಂದಿಗೆ, ಅಲ್ಲಿಂದ ಸಂಕನ್‌ಗೆ ಇಳಿಯುತ್ತಿತ್ತು. ಪ್ರತಿ ಸ್ನಾನಕ್ಕೂ ಒಂದಿಷ್ಟು ಚೊಂಬು.

ಮೊದಲ ಪರೀಕ್ಷೆಯಲ್ಲಿ ಜಾಲಿಯ ಮೇಲೆ ಪ್ಲಾಸ್ಟಿಕ್ ಹಾಸಿದ್ದರಿಂದ ನೀರು ಈ ಸಂದಿಯನ್ನು ಮುಟ್ಟಲೇ ಇಲ್ಲ. ಕಾಯಿಲೆ ಇರುವ ಜಾಗವನ್ನೇ ಮುಚ್ಚಿ ಪರೀಕ್ಷೆ ಮಾಡಿದ ಹಾಗಾಯಿತು. ಪ್ಲಂಬರ್ ಹೇಳಿದ್ದು ಸುಳ್ಳಲ್ಲ, ಟೈಲ್ಸ್ ನಿಜವಾಗಿ ಸೋರುತ್ತಿರಲಿಲ್ಲ. ಆದರೆ "ಟೈಲ್ಸ್ ಸೋರುತ್ತಿಲ್ಲ" ಅನ್ನುವುದು "ಬಾತ್‌ರೂಮ್ ಸೋರುತ್ತಿಲ್ಲ" ಅಂತ ಆಯಿತು. ಅದರಿಂದ "ಅತ್ತೆಯೇ ಕಾರಣ" ಅಂತ ಆಯಿತು.

ಈ ಸಲ ಜಾಲಿ ತೆಗೆದು, ಟ್ರ್ಯಾಪಿನ ಕತ್ತಿನೊಳಗೆ ರಬ್ಬರ್ ಬಿರಡೆ ಇಳಿಸಿ ನೀರು ಕಟ್ಟಿದೆವು. ಎರಡು ಇಂಚು ನಿಲ್ಲಿಸಲು ಸುಮಾರು 160 ಲೀಟರ್ ಬೇಕು. 2024ರ ಫೆಬ್ರವರಿ, ಬೋರ್‌ವೆಲ್‌ಗಳು ಬತ್ತಲು ಶುರುವಾಗಿದ್ದ ಸಮಯ. "ಇಷ್ಟು ನೀರು ಸುಮ್ನೆ ಹಾಳು ಮಾಡೋದಾ?" ಅಂತ ಮನೆಯಾಕೆ ಎರಡು ದಿನದ ಬಟ್ಟೆ ಜಾಲಿಸಿದ ನೀರನ್ನು ಡ್ರಮ್ಮಿನಲ್ಲಿ ಕೂಡಿಟ್ಟು ಕೊಟ್ಟರು. ಗೋಡೆಯ ಟೈಲ್ಸ್ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದವರೂ ಅವರೇ. ಆವಿಯಾಗಿ ಎಷ್ಟು ಹೋಗುತ್ತದೆ ಗೊತ್ತಾಗಲಿ ಅಂತ ಪಕ್ಕದಲ್ಲೇ ಒಂದು ಬಕೆಟ್ ನೀರು ಇಟ್ಟು ಅದಕ್ಕೂ ಗೆರೆ ಹಾಕಿದೆವು. ಬೆಳಿಗ್ಗೆ ಬಕೆಟ್ ಹಾಗೇ ಇತ್ತು. ನೆಲದ ನೀರು ಅರ್ಧ ಇಂಚು ಇಳಿದಿತ್ತು. ಅಂದರೆ ನಲವತ್ತು ಲೀಟರ್ ಹತ್ತಿರ, ಒಂದೇ ರಾತ್ರಿಯಲ್ಲಿ.

ನೀರಿಗೆ ಬಟ್ಟೆಯ ನೀಲಿ ಹಾಕಿದ್ದೆ. ಕೆಳಗೆ ನೀಲಿ ಬರಲೇ ಇಲ್ಲ. ಹೊಸ ನೀರು ಸಂಕನ್‌ನಲ್ಲಿದ್ದ ಹಳೆ ನೀರನ್ನು ತಳ್ಳುತ್ತದೆ, ಬಣ್ಣವನ್ನು ಇಟ್ಟಿಗೆ ಕುಡಿಯುತ್ತದೆ. ನೀಲಿ ಬರದಿದ್ದರೆ ಸೋರಿಕೆ ಇಲ್ಲ ಅಂತ ಅರ್ಥವಲ್ಲ. ಅದರ ಬದಲು ಸುಣ್ಣದ ಕಡ್ಡಿಗಳಿಂದ ಬೀಳುವ ತೊಟ್ಟು ಎಣಿಸಿದೆವು. ಹಿಂದಿನ ಸಂಜೆ ನಿಮಿಷಕ್ಕೆ 4 ಇದ್ದದ್ದು ಬೆಳಿಗ್ಗೆ 11 ಆಗಿತ್ತು.

ಹಾಗಾದರೆ ಬಾತ್‌ರೂಮಿನ ನೀರು ಹನ್ನೆರಡು ಅಡಿ ದೂರದ ಫ್ಯಾನಿಗೆ ಹೋದದ್ದು ಹೇಗೆ? ಸ್ಲ್ಯಾಬ್ ಹಾಕುವ ಮುಂಚೆ ಕಂಬಿಗಳ ನಡುವೆ ವೈರಿಗಾಗಿ ಪಿವಿಸಿ ಪೈಪು ಹಾಸುತ್ತಾರೆ. ಸಂಕನ್‌ನ ಪಕ್ಕದ ಗೋಡೆಯಲ್ಲಿ ಆ ಪೈಪಿನ ಒಂದು ಜಾಯಿಂಟ್ ಬಾಯಿಬಿಟ್ಟಿತ್ತು. ನೀರಿನ ಮಟ್ಟ ಅಲ್ಲಿಗೇರಿದಾಗ ವೈರ್ ಪೈಪೇ ಕಾಲುವೆ. ಕಂಪನಿಯವರ ರಾಸಾಯನಿಕ ಆ ಕಾಲುವೆಯ ತುದಿ ಮುಚ್ಚಿದ್ದರಿಂದ ಮಟ್ಟ ಇನ್ನೂ ಏರಿ ದೇವರ ಮನೆಯ ಗೋಡೆಗೂ ಸ್ವಿಚ್‌ಬೋರ್ಡಿಗೂ ದಾರಿಯಾಯಿತು. ಡೈರಿಯ ಲೆಕ್ಕವೂ ಇದಕ್ಕೆ ಹೊಂದಿತು. ಮೊದಲ ಸಲ ಒಣ ಇಟ್ಟಿಗೆ ಕುಡಿದು, ಗುಂಡಿ ತುಂಬಲು ಆರು ತಿಂಗಳು ಹಿಡಿದಿತ್ತು. ಮನೆ ಖಾಲಿಯಾದಾಗ ಮಟ್ಟ ಜಾಯಿಂಟಿಗಿಂತ ಕೆಳಗಿಳಿಯಲು ಎರಡು ವಾರ. ಕೆಳಭಾಗದ ನೀರು ಹಾಗೇ ಇದ್ದದ್ದರಿಂದ ಎರಡನೇ ಸಲ ಏಳೇ ವಾರ ಸಾಕಾಯಿತು.

ದುರಸ್ತಿ

ಒಂದು ನಿರ್ಧಾರ ಬಾಕಿ ಇತ್ತು. ಟ್ರ್ಯಾಪಿನ ಸುತ್ತ ಮಾತ್ರ ಒಡೆದು ಸರಿ ಮಾಡಿದರೆ ಹತ್ತು ಹನ್ನೆರಡು ಸಾವಿರದಲ್ಲಿ ಮುಗಿಯುತ್ತಿತ್ತು. ಯಜಮಾನರಿಗೂ ಅದೇ ಇಷ್ಟ, ಸುಸ್ತಾಗಿದ್ದರು. ನಾನು ಒಪ್ಪಲಿಲ್ಲ. ಮುನ್ನೂರು ಲೀಟರ್ ಕೊಳೆ ನೀರನ್ನು ಒಳಗೇ ಬಿಟ್ಟು ಮೇಲೆ ಮುಚ್ಚಿದರೆ ಅದು ತಿಂಗಳುಗಟ್ಟಲೆ ಜಿನುಗುತ್ತದೆ, ಕಂಬಿ ತಿನ್ನುತ್ತದೆ, ಮತ್ತೆ ಯಾರೋ ಬಂದು "ಹಳೆ ತೇವ, ಬಿಡಿ" ಅನ್ನುತ್ತಾರೆ.

ಮಾರ್ಚ್‌ನಲ್ಲಿ ಎರಡೂ ಪದರದ ಟೈಲ್ಸ್ ಒಡೆದು, ಸಂಕನ್ ಪೂರ್ತಿ ಖಾಲಿ ಮಾಡಿಸಿದೆವು. ಹೊರಬಂದ ಇಟ್ಟಿಗೆ ಚೂರು ಕಪ್ಪಗಿತ್ತು. ವಾಸನೆ ಬೀದಿಯವರೆಗೂ ಹೋಗಿತ್ತು. ಸ್ಲ್ಯಾಬನ್ನು ಹತ್ತು ದಿನ ಫ್ಯಾನ್ ಇಟ್ಟು ಒಣಗಿಸಿದೆವು. ಬಾಯಿಬಿಟ್ಟ ವೈರ್ ಪೈಪನ್ನು ಮುಚ್ಚಿ, ಆ ಲೈನಿಗೆ ಬೇರೆ ದಾರಿ ಮಾಡಿದೆವು. ಹೊಸ ಟ್ರ್ಯಾಪ್ ಹೊಸ ನೆಲದ ಮಟ್ಟಕ್ಕೆ ಕೂರಿಸಿದೆವು. ಮೂಲೆಗಳಲ್ಲಿ ಗಾರೆಯನ್ನು ದುಂಡಗೆ ತಿರುವಿ, ಎರಡು ಕೋಟ್ ಪಾಲಿಮರ್ ಸಿಮೆಂಟ್ ಬಳಿದು, ಶವರ್ ಇರುವ ಕಡೆ ಗೋಡೆಗೂ ಆರು ಅಡಿವರೆಗೆ ಹೊಡೆಸಿದೆವು. ಏನನ್ನೂ ತುಂಬುವ ಮುಂಚೆ 48 ಗಂಟೆ ನೀರು ಕಟ್ಟಿ ನೋಡಿದೆವು. ಟೈಲ್ಸ್ ಆದ ಮೇಲೆ ಇನ್ನೊಂದು ಸಲ. ಕುಡಿಯುವ ನೀರಲ್ಲಿ ಕಾರು ತೊಳೆದರೆ, ಕಟ್ಟಡಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿದ್ದ ತಿಂಗಳು ಅದು. ಮತ್ತೆ ಬಟ್ಟೆ ಜಾಲಿಸಿದ ನೀರೇ ಗತಿ.

ಇನ್ನೊಂದು ಸಣ್ಣ ಕೆಲಸ ಮಾಡಿದೆ, ಅದನ್ನು ಯಾರೂ ಬಿಡಬಾರದು ಅಂತ ನನ್ನ ಅಭಿಪ್ರಾಯ. ಸಂಕನ್‌ನ ತಳದಿಂದ ಹೊರಗೋಡೆಗೆ ಒಂದು ಇಂಚಿನ ಪೈಪು ಇಟ್ಟೆ. ಮುಂದೆ ಯಾವತ್ತಾದರೂ ಒಳಗೆ ಸೋರಿದರೆ ಮೊದಲ ತೊಟ್ಟು ಹೊರಗೆ, ಪಕ್ಕದ ಓಣಿಯಲ್ಲಿ, ಕಣ್ಣಿಗೆ ಕಾಣುವಂತೆ ಬೀಳುತ್ತದೆ.

ಹಾಲ್‌ನ ಸೀಲಿಂಗ್ ಪ್ಲಾಸ್ಟರ್ ಕೆತ್ತಿದಾಗ ಫ್ಯಾನಿನ ಸುತ್ತ ಎರಡು ಕಂಬಿ ತುಕ್ಕು ಹಿಡಿದಿದ್ದವು. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಕೇಳುತ್ತದೆ, ಅದಕ್ಕೇ ಪ್ಲಾಸ್ಟರ್ ಸಿಡಿಯುವುದು. ತಂತಿ ಬ್ರಷ್‌ನಲ್ಲಿ ಉಜ್ಜಿ, ತುಕ್ಕು ನಿರೋಧಕ ಬಳಿದು, ಪಾಲಿಮರ್ ಗಾರೆ ಹಾಕಿದೆವು. ದೇವರ ಮನೆಯ ಗೋಡೆ ಬಿಟ್ಟ ಉಪ್ಪನ್ನು ಒಣ ಬ್ರಷ್‌ನಲ್ಲೇ ಉದುರಿಸಿದೆವು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ.

ಬಣ್ಣಕ್ಕೆ ಮಾತ್ರ ಯಜಮಾನರು ಅವಸರ ಮಾಡಿದರು. ಮೊಮ್ಮಗನ ನಾಮಕರಣ ಮೇನಲ್ಲಿತ್ತು. ನಾನು ಬೇಡ ಅಂದೆ, ಮನೆಯಾಕೆ ನನ್ನ ಪರ ನಿಂತರು. ಬೋಳು ಸೀಲಿಂಗ್ ಕೆಳಗೇ ನಾಮಕರಣ ಆಯಿತು. ಒಂದು ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಸೀಲಿಂಗಿಗೆ ಅಂಟಿಸಿ, ಒಂದು ದಿನ ಬಿಟ್ಟು ನೋಡುತ್ತಿದ್ದೆವು. ಏಪ್ರಿಲ್‌ನಲ್ಲಿ ಒಳಗೆ ಮಂಜು ಕಟ್ಟುತ್ತಿತ್ತು. ಮೇನಲ್ಲೂ ಸ್ವಲ್ಪ. ಜೂನ್ ಕೊನೆಗೆ ಹಾಳೆ ಒಣಗಿ ಬಂತು. ಆಮೇಲೆ ಬಣ್ಣ. ಅಷ್ಟರಲ್ಲಿ ಆರ್‌ಸಿಸಿಬಿಯೂ ಬಂದಿತ್ತು, ಹಾಲ್‌ನ ವೈರಿಂಗ್ ಹೊಸದಾಗಿತ್ತು.

ಎಲ್ಲ ಸೇರಿ 86,000 ಆಯಿತು. ಅದಕ್ಕೆ ಮುಂಚೆ ಗೋಡೆ, ತಾರಸಿ, ರಾಸಾಯನಿಕ ಅಂತ ಹೋದದ್ದು 1,54,000. ಹಾಲ್‌ಗೆ ಎರಡು ಸಲ ಬಳಿದ ಬಣ್ಣದ ಲೆಕ್ಕ ಬೇರೆ.

ಆಮೇಲೆ

ಜುಲೈನಲ್ಲಿ ಮನೆಯಾಕೆ ಹಳೆ ಬಾಡಿಗೆದಾರರ ಅತ್ತೆಗೆ ಫೋನ್ ಮಾಡಿ, 30,000 ರೂಪಾಯಿ ವಾಪಸ್ ಕಳಿಸಿದರು. ಯಜಮಾನರು ಮಾತಾಡಲು ಹಿಂಜರಿದು ಪಕ್ಕದಲ್ಲಿ ಕೂತಿದ್ದರಂತೆ. ಆ ಕಡೆಯಿಂದ ಬಂದದ್ದು ಒಂದೇ ಮಾತು: "ನಾವು ಅವತ್ತೇ ಹೇಳಿದ್ವಲ್ಲ ಅಮ್ಮ."

2025ರ ಫೆಬ್ರವರಿಯಲ್ಲಿ ಆ ಕಡೆ ಹೋದಾಗ ಮನೆಗೆ ಹೋಗಿದ್ದೆ. ಸೀಲಿಂಗ್ ಬೆಳ್ಳಗಿತ್ತು. ಓಣಿಗೆ ಕರೆದುಕೊಂಡು ಹೋಗಿ ಮನೆಯಾಕೆ ಆ ಒಂದು ಇಂಚಿನ ಪೈಪು ತೋರಿಸಿದರು. ಅದರ ಬಾಯಿಗೆ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು.

"ಒಣಗಿದೆ ಅಂತ ಇದಕ್ಕೂ ಗೊತ್ತಾಗಿದೆ ನೋಡಿ" ಅಂತ ನಕ್ಕರು.

ನಾನೂ ನಕ್ಕೆ. ಆದರೆ ಗೂಡು ಪೈಪನ್ನು ಪೂರ್ತಿ ಮುಚ್ಚಿತ್ತು. ಕಡ್ಡಿಯಿಂದ ಕೆದಕಿ ತೆಗೆದು, ಸಂಜೆ ಒಂದು ಸೊಳ್ಳೆ ಪರದೆಯ ಚೂರು ಕಟ್ಟಿಸಿ ಬಂದೆ. ಅವರು ಅದರ ತಾರೀಖನ್ನೂ ಹಾಲಿನ ಡೈರಿಯಲ್ಲಿ ಬರೆದುಕೊಂಡರು.